ನಮ್ಮ ಸೀಮೆಯ ಬಾಳೆ: ರಸಬಾಳೆಯಿಂದ ಜಿ-9ರವರೆಗೆ



ಬೆಳ್ಳಿ ಹಬ್ಬದ ಈ ಸಂಚಿಕೆಗೆ ಬಾಳೆಯ ಬಗ್ಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಬೆಳೆಸಾಲದ ಅರ್ಜಿ ಹಿಡಿದು ಬಂದವರು ಕಟ್ಟೆ ಮೇಲೆ ಕೂತು ಕೇಳೋದು ಒಂದೇ ಪ್ರಶ್ನೆ: "ಯಾವ ಬಾಳೆ ಹಾಕಿದ್ರೆ ಒಳ್ಳೇದು?" ಈ ಪ್ರಶ್ನೆಗೆ ಅಜ್ಜಂದಿರ ಕಾಲದಲ್ಲಿ ಒಂದು ಉತ್ತರವಿತ್ತು, ಅಪ್ಪಂದಿರ ಕಾಲದಲ್ಲಿ ಇನ್ನೊಂದು. ಉತ್ತರ ಯಾಕೆ ಬದಲಾಯಿತು ಎಂಬುದೇ ನಮ್ಮ ಸೀಮೆಯ ಬಾಳೆಯ ಚರಿತ್ರೆ.

ಮೊದಲು ರಸಬಾಳೆ. ನಂಜನಗೂಡಿನ ಹೆಸರು ಹೊತ್ತಿದ್ದರೂ ಈ ಹಣ್ಣಿಗೆ ಹೆಸರು ತಂದದ್ದು ಕಪಿಲೆಯ ಆಸುಪಾಸಿನ ದೇವರಸನಹಳ್ಳಿಯ ಕಪ್ಪು ಮಣ್ಣು. ತಮಿಳುನಾಡಿನ ರಸ್ತಾಳಿ, ಆಂಧ್ರದ ಅಮೃತಪಾಣಿ, ಬಿಹಾರದ ಮಾಲಭೋಗ್ ಎಲ್ಲವೂ ಇದರ ದಾಯಾದಿಗಳೇ. ಆದರೆ ಈ ಮಣ್ಣಿನ ಹಣ್ಣಿನ ಘಮ ಬೇರೆ ಅಂತ ತಿಂದವರು ಹೇಳ್ತಾರೆ, ನಾನೂ ಹೇಳ್ತೀನಿ. ಬೆಳೆಗಾರನಿಗೆ ಮಾತ್ರ ಇದು ಸುಲಭದ ಬೆಳೆಯಲ್ಲ. ಗೊನೆ ಕೈಗೆ ಬರಲು 13ರಿಂದ 15 ತಿಂಗಳು ಬೇಕು. ಬಂದರೂ ತೂಕ 10ರಿಂದ 15 ಕಿಲೋ. ಸಿಪ್ಪೆ ತೆಳು, ಬಿಸಿಲು ಹೆಚ್ಚಾದರೆ ಕಾಯಿ ಸೀಳುತ್ತದೆ, ಒಮ್ಮೊಮ್ಮೆ ತಿರುಳಿನಲ್ಲಿ ಗಟ್ಟಿ ಗಂಟು ಸಿಗುತ್ತದೆ. ಇಷ್ಟಾದರೂ ರುಚಿಗೆ ಬೆಲೆ ಕೊಡುವವರಿದ್ದರು, ಅದಕ್ಕೇ ಬೆಳೆದರು.

ರಸಬಾಳೆಯನ್ನು ಕೆಡಿಸಿದ್ದು ಮಾರುಕಟ್ಟೆಯಲ್ಲ, ಪನಾಮಾ ಸೊರಗು ರೋಗ. ಇದು ಫ್ಯುಸೇರಿಯಂ ಎಂಬ ಮಣ್ಣಿನ ಶಿಲೀಂಧ್ರ. ಬೇರಿನಿಂದ ಒಳಹೊಕ್ಕು ಗಿಡದ ನೀರಿನ ನಾಳಗಳನ್ನೇ ಕಟ್ಟಿಬಿಡುತ್ತದೆ. ಮೊದಲು ಹಳೇ ಎಲೆಗಳ ಅಂಚು ಹಳದಿಯಾಗುತ್ತದೆ, ಆಮೇಲೆ ಎಲೆಗಳು ತೊಟ್ಟಿನ ಬಳಿ ಮುರಿದು ದಿಂಡಿನ ಸುತ್ತ ಜೋತು ಬೀಳುತ್ತವೆ. ಗೆಡ್ಡೆ ಕತ್ತರಿಸಿ ನೋಡಿದರೆ ಒಳಗೆ ಕೆಂಪು-ಕಂದು ಚುಕ್ಕೆಗಳು. ಔಷಧಿ ಹೊಡೆದು ವಾಸಿ ಮಾಡುವ ರೋಗ ಇದಲ್ಲ. ಒಮ್ಮೆ ಮಣ್ಣು ಸೇರಿದರೆ ದಶಕಗಟ್ಟಲೆ ಅಲ್ಲೇ ಉಳಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ ಹರಡುವ ದಾರಿ. ನಾವು ವಿಶ್ವಾಸಕ್ಕೆ ಒಬ್ಬರಿಗೊಬ್ಬರು ಕೊಟ್ಟುಕೊಂಡ ಕಂದುಗಳ ಜೊತೆ, ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ಹರಿದ ನೀರಿನ ಜೊತೆ, ಗುದ್ದಲಿಗೆ ಅಂಟಿದ ಮಣ್ಣಿನ ಜೊತೆ ಇದು ಬರುತ್ತದೆ.

ನಮ್ಮ ದೇಶದಲ್ಲಿ ಈ ರೋಗದ ಮೊದಲ ದಾಖಲೆ 1911ರಷ್ಟು ಹಿಂದಿನದು, ಬಂಗಾಳದ್ದು. ಮಧ್ಯ ಅಮೆರಿಕದಲ್ಲಂತೂ ಆಗ ಲೋಕಕ್ಕೆಲ್ಲ ರಫ್ತಾಗುತ್ತಿದ್ದ ಗ್ರೋ ಮಿಷೆಲ್ ಎಂಬ ತಳಿಯನ್ನೇ ನುಂಗಿಹಾಕಿತು. 1960ರ ದಶಕದ ಹೊತ್ತಿಗೆ ಅಲ್ಲಿನ ದೊಡ್ಡ ತೋಟಗಳು ರೋಗ ತಡೆಯುವ ಕ್ಯಾವೆಂಡಿಶ್ ಬಾಳೆಗೆ ಬದಲಾದವು. ನಮ್ಮ ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಸೂಚಿಯ ಗೌರವ ಸಿಕ್ಕಿತು. ಪ್ರಮಾಣಪತ್ರ ಬರುವಷ್ಟರಲ್ಲಿ ತೋಟಗಳು ಬಹುಮಟ್ಟಿಗೆ ಹೋಗಿದ್ದವು!

ಕ್ಯಾವೆಂಡಿಶ್ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಪಚ್ಚಬಾಳೆಯ ಕುಲ. 1830ರ ದಶಕದಲ್ಲಿ ಇಂಗ್ಲೆಂಡಿನ ಒಬ್ಬ ಡ್ಯೂಕನ ಗಾಜಿನ ಮನೆಯಲ್ಲಿ ಬೆಳೆದದ್ದರಿಂದ ಅವನ ಮನೆತನದ ಹೆಸರು ಅಂಟಿತು. ನಮ್ಮ ಸೆಕೆಗೆ ಮಾಗಿದರೂ ಸಿಪ್ಪೆ ಹಸಿರಾಗೇ ಉಳಿಯುವುದರಿಂದ ಇಲ್ಲಿ ಪಚ್ಚ ಎಂಬ ಹೆಸರು. ಇದೇ ಕುಲದ ರೊಬಸ್ಟಾ ಬಂತು, 1990ರ ದಶಕದಿಂದ ಈಚೆಗೆ ಅಂಗಾಂಶ ಕೃಷಿಯ ಸಸಿಗಳ ರೂಪದಲ್ಲಿ ಗ್ರ್ಯಾಂಡ್ ನೈನ್, ಅಂದರೆ ನಾವು ಕರೆಯುವ ಜಿ-9 ಬಂತು. ಆ ಫ್ರೆಂಚ್ ಹೆಸರಿನ ಅರ್ಥ "ದೊಡ್ಡ ಕುಳ್ಳ"! 11-12 ತಿಂಗಳಲ್ಲಿ ಕಟಾವು, ಎಲ್ಲ ಗಿಡವೂ ಹೆಚ್ಚುಕಡಿಮೆ ಒಟ್ಟಿಗೇ ಗೊನೆ ಬಿಡುತ್ತವೆ, ಒಂದೊಂದು ಗೊನೆ 25ರಿಂದ 30 ಕಿಲೋ. ಮಂಡಿಯವರಿಗೆ ಲಾರಿ ತುಂಬಿಸೋದಕ್ಕೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಏಲಕ್ಕಿ ಬಾಳೆ, ಅಂದರೆ ಪುಟ್ಟಬಾಳೆ, ಜಿ-9ರ ಜೊತೆ ತೂಕದಲ್ಲಿ ಸ್ಪರ್ಧೆಗೆ ನಿಲ್ಲಲಾರದು. ಲೆಕ್ಕ ಹಾಕೋಣ. 6 ಅಡಿಗೆ 6 ಅಡಿ ಅಂತರದಲ್ಲಿ ಎಕರೆಗೆ 1,210 ಜಿ-9 ಗಿಡ ಹಿಡಿಯುತ್ತವೆ; ಗೊನೆಗೆ 25 ಕಿಲೋ ಹಿಡಿದರೂ 30 ಟನ್. ಏಲಕ್ಕಿಯನ್ನು 7 ಅಡಿಗೆ 7 ಅಡಿ ಹಾಕಿದರೆ 889 ಗಿಡ. ಗೊನೆಗೆ 12 ಕಿಲೋ ಅಂದರೆ ಹತ್ತೂವರೆ ಟನ್ ಚಿಲ್ಲರೆ. ಒಂದು ಗಿಡವೂ ಹಾಳಾಗದಿದ್ದರೆ ಎಂಬುದು ಎರಡಕ್ಕೂ ಸೇರಿದ ಮಾತು. ಹಾಗಾದರೆ ಏಲಕ್ಕಿಗೆ ಸುಮಾರು ಮೂರು ಪಟ್ಟು ರೇಟು ಸಿಕ್ಕರೆ ಮಾತ್ರ ಪಟ್ಟಿ ಸಮ ಆಗುತ್ತದೆ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಮುಂದೆ ಗೊನೆ ಬಲಿತರೆ ಏಲಕ್ಕಿಯವನು ನಗ್ತಾನೆ, ಆಷಾಢದಲ್ಲಿ ಬಲಿತರೆ ಇಲ್ಲ. ಆದರೆ ತೂಕದ ಲೆಕ್ಕದಲ್ಲಿ ಕಾಣದ ಸಂಗತಿಗಳೂ ಇವೆ. ಜಿ-9ಕ್ಕೆ ಗೊಬ್ಬರ, ನೀರು ಕೈಬಿಚ್ಚಿ ಕೊಡಬೇಕು, ಭಾರದ ಗೊನೆಗೆ ಊರುಗೋಲು ಬೇಕು, ಬಣ್ಣ ಬರಿಸಲು ಮಾಗಿಸುವ ಕೊಠಡಿ ಬೇಕು. ಏಲಕ್ಕಿ ಹಣ್ಣು ಮನೆಯಲ್ಲೇ ಚಿನ್ನದ ಬಣ್ಣಕ್ಕೆ ಬರುತ್ತದೆ, ನಾಲ್ಕು ದಿನ ಇಟ್ಟರೂ ಕೆಡದು, ಕೂಳೆ ಬೆಳೆಯೂ ಚೆನ್ನಾಗಿ ಬರುತ್ತದೆ. ಕೈಯಲ್ಲಿ ಬಂಡವಾಳ ಕಡಿಮೆ ಇರುವ ಸಣ್ಣ ಹಿಡುವಳಿದಾರನಿಗೆ ಏಲಕ್ಕಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಪನಾಮಾ ರೋಗ ಅದನ್ನೂ ಬಿಡುವುದಿಲ್ಲ ಎಂಬುದು ನೆನಪಿರಲಿ.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಉತ್ತರ ಕರ್ನಾಟಕದ ರಾಜಾಪುರಿ ಗಿಡ್ಡ ಗಿಡ, ಗಾಳಿಗೆ ಜಗ್ಗದು. ಕಲಬುರಗಿ ಕಡೆಯ ಕಮಲಾಪುರದ ಕೆಂಪು ಬಾಳೆಗೆ ಒಂದೂವರೆ ವರ್ಷ ಕಾಯುವ ತಾಳ್ಮೆ ಬೇಕು. ನೇಂದ್ರ ಬಾಳೆ ಚಿಪ್ಸಿನ ಸರಕು, ಕೇರಳದ ರೇಟು ನೋಡಿ ಬೆಳೆಯುವಂಥದ್ದು.

ಜಿ-9 ನಂಬಿದವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಕ್ಯಾವೆಂಡಿಶ್ ಕುಲವನ್ನೇ ಹಿಡಿಯುವ ಟಿಆರ್-4 ಎಂಬ ಪನಾಮಾ ರೋಗದ ಹೊಸ ಬಗೆ 2010ರ ದಶಕದಲ್ಲಿ ಬಿಹಾರ, ಉತ್ತರ ಪ್ರದೇಶಗಳ ತೋಟಗಳಲ್ಲಿ ಕಾಣಿಸಿಕೊಂಡಿತು. ಆದ್ದರಿಂದ ದೂರದ ಊರಿನಿಂದ ಕಂದು ತರಿಸುವ ಮುಂಚೆ ಎರಡು ಸಲ ಯೋಚಿಸಬೇಕು. ಹಾಗೆ ತರುವ ಬದಲು ಪರೀಕ್ಷೆಯಾದ ಅಂಗಾಂಶ ಸಸಿ ಕೊಳ್ಳುವುದು ಕ್ಷೇಮ. ರಸಬಾಳೆಯನ್ನು ಮತ್ತೆ ಹಾಕಬೇಕೆನ್ನುವ ಆಸೆ ನಮ್ಮಲ್ಲಿ ಕೆಲವರಿಗಿದೆ. ಅವರಿಗೂ ಇದೇ ಮಾತು: ಸಸಿ ಶುದ್ಧವಾಗಿದ್ದರೆ ಸಾಲದು, ಮಣ್ಣೂ ಶುದ್ಧವಿರಬೇಕು. ಹಳೇ ಬಾಳೆ ತೋಟ ಬಿಟ್ಟು, ಎರಡು ಬೆಳೆ ಭತ್ತ ತೆಗೆದ ಗದ್ದೆಯಲ್ಲಿ, ನೀರು ನಿಲ್ಲದ ಹಾಗೆ ಬಸಿಗಾಲುವೆ ತೆಗೆದು, ಮೊದಲ ವರ್ಷ ಐದು-ಹತ್ತು ಗುಂಟೆ ಮಾತ್ರ ಹಾಕಿ ನೋಡಿ.