ಬೋರ್ಡು ಅದೇ, ಪಾತ್ರಧಾರಿಗಳು ಬೇರೆ

ಚಿತ್ರದುರ್ಗದ ನಮ್ಮ ಮನೆಯ ಅಟ್ಟದ ಮೇಲೆ ಒಂದು ಜೊತೆ ಡ್ರಮ್ ಕೋಲುಗಳಿದ್ದವು. ಪ್ರತಿ ಯುಗಾದಿಗೆ ಧೂಳು ಹೊಡೆಯುವಾಗ ಕೈಗೆ ಸಿಗುತ್ತಿದ್ದವು. ಎಸೆಯಲು ಮನಸ್ಸಿಲ್ಲ, ಮಗನಿಗೆ ಕೊಡಲು ಧೈರ್ಯವಿಲ್ಲ. ಅವು ಅಟ್ಟ ಸೇರಿದ್ದು ನನ್ನ ಮಾತಿನಿಂದ.

ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಗೆಳೆಯರ ಜೊತೆ ಒಂದು ‘ಮೆಟಲ್’ ತಂಡ ಕಟ್ಟಿಕೊಂಡಿದ್ದ. ರಜೆಗೆ ಬಂದವನು ಆ ಸಂಗೀತ ಕೇಳಿಸಿದ. “ಹಿಟ್ಟಿನ ಗಿರಣಿಯ ಬೆಲ್ಟು ಕಿತ್ತುಹೋದ ಹಾಗಿದೆಯಲ್ಲೋ” ಎಂದೆ. “ಸರಿಯಾಗೇ ಹೇಳಿದೆ ಕಣಮ್ಮ, ಇದು ಹುಟ್ಟಿದ್ದೇ ಕಾರ್ಖಾನೆ ಊರಲ್ಲಿ” ಎಂದು ನಕ್ಕ.

ಅವನು ಹೇಳಿದ ಕಥೆ ಇದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೋನಿ ಅಯೋಮಿ ಎಂಬ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 17ನೇ ವಯಸ್ಸಿಗೆ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮುಂದೆ ನೋವು ತಾಳದೆ ತಂತಿಯನ್ನೂ ಸಡಿಲಿಸಿದ. ಸ್ವರ ತಗ್ಗಿತು, ಭಾರವಾಯಿತು. 1968ರಲ್ಲಿ ಅವನು ಗೆಳೆಯರೊಂದಿಗೆ ಕಟ್ಟಿದ ತಂಡವೇ ಮುಂದೆ ‘ಬ್ಲ್ಯಾಕ್ ಸಬತ್’ ಆಯಿತು. ಅದೇ ಊರಿನ ಇಬ್ಬರು 1988ರಲ್ಲಿ ‘ಗಾಡ್‌ಫ್ಲೆಶ್’ ಎಂಬ ತಂಡ ಮಾಡಿ, ಡ್ರಮ್ ಬಾರಿಸಲು ಮನುಷ್ಯನ ಬದಲು ಯಂತ್ರವನ್ನೇ ಕೂರಿಸಿದರು. ಕಾರ್ಖಾನೆಯ ಸದ್ದೇ ತಾಳವಾಯಿತು. ಇದಕ್ಕೆ ‘ಇಂಡಸ್ಟ್ರಿಯಲ್ ಮೆಟಲ್’ ಎನ್ನುತ್ತಾರಂತೆ. ಬೆರಳು ಕಳೆದುಕೊಂಡವನ ಕಥೆ ಕೇಳಿದ ಮೇಲೆ ಆ ಗದ್ದಲ ನನಗೆ ಬರಿಯ ಗದ್ದಲವಾಗಿ ಕೇಳಿಸಲಿಲ್ಲ.

ಆದರೂ ಮಗನ ಓದು ಮುಗಿದು ಕೆಲಸದ ಪತ್ರ ಬಂದಾಗ ನಾನು ಬೇರೆಯೇ ಮಾತಾಡಿದೆ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯ ಸಾಲವಿತ್ತು. “ಡ್ರಮ್ಮು ಅನ್ನ ಹಾಕುತ್ತದೇನೋ?” ಎಂದೆ. ಅವನು ಎದುರಾಡಲಿಲ್ಲ. ಡ್ರಮ್ ಮಾರಿದ, ಕೋಲುಗಳನ್ನು ಮನೆಗೆ ತಂದಿಟ್ಟ. ಇನ್ನೊಬ್ಬ ಸಿಗದೆ ಆ ತಂಡ ಕೆಲವೇ ತಿಂಗಳಲ್ಲಿ ಮುರಿದುಬಿತ್ತು.

ನನ್ನ ತವರು ಹಿರಿಯೂರು. ತೇರುಮಲ್ಲೇಶ್ವರನ ಜಾತ್ರೆಗೆ ನಾಟಕದ ಕಂಪನಿ ಬಂದರೆ ನಮಗೆ ಹಬ್ಬ. ಒಂದು ವರ್ಷ ಹಾರ್ಮೋನಿಯಂ ಮಾಸ್ತರರು ಇರುತ್ತಿರಲಿಲ್ಲ, ಇನ್ನೊಂದು ವರ್ಷ ನಾಯಕಿಯೇ ಬೇರೆ. “ಹೋದ ವರ್ಷದ ಸೀತೆ ಎಲ್ಲಿ?” ಎಂದು ಹೆಂಗಸರು ವಿಚಾರಿಸುತ್ತಿದ್ದರು, ಹತ್ತು ನಿಮಿಷದಲ್ಲಿ ಹೊಸ ಸೀತೆಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊರಗಿನ ಬೋರ್ಡು ಮಾತ್ರ ಅದೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನೇ ನೋಡಿ. ಶುರು ಮಾಡಿದವರು ಬೇರೆ. ಬಾಲನಟರಾಗಿ ಸೇರಿ 1917ರಲ್ಲಿ ಯಜಮಾನಿಕೆ ವಹಿಸಿಕೊಂಡು ನಾಡಿಗೆಲ್ಲ ಹೆಸರು ಮಾಡಿದ ವೀರಣ್ಣನವರು ಬೇರೆ.

ಬೆಂಗಳೂರಿನ ಮೆಟಲ್ ತಂಡ ‘ಕ್ರಿಪ್ಟೋಸ್’ ಕಥೆ ಓದಿದಾಗ ನನಗೆ ಈ ಕಂಪನಿಗಳೇ ನೆನಪಾದವು. ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಇದನ್ನು ಕಟ್ಟಿದ್ದು 1998ರಲ್ಲಿ. ಮೊದಲ ಆಲ್ಬಂ ಬರಲು 2004ರವರೆಗೆ ಕಾಯಬೇಕಾಯಿತು. ಎರಡನೆಯದು 2008ರಲ್ಲಿ, ಮೂರನೆಯದು 2012ರಲ್ಲಿ. ಈ ನಡುವೆ ಡ್ರಮ್ಸ್‌ನವರು ಬದಲಾದರು, ಬಾಸ್ ಗಿಟಾರಿನವರು ಬದಲಾದರು. ಲೂಯಿಸ್ ಗಿಟಾರ್ ಬಿಡಲಿಲ್ಲ, ಮುಂದೆ ಹಾಡುವ ಕೆಲಸವನ್ನೂ ತಾವೇ ಹೊತ್ತರು. 2010ರಲ್ಲಿ ತಂಡ ಯೂರೋಪಿನ ಪ್ರವಾಸ ಮಾಡಿತು. 2013ರಲ್ಲಿ ಜರ್ಮನಿಯ ವಾಕೆನ್ ಮೇಳದಲ್ಲಿ ನುಡಿಸಿತು. ವಾಕೆನ್ ಒಂದು ಸಣ್ಣ ಹಳ್ಳಿ. ವರ್ಷಕ್ಕೊಮ್ಮೆ ಲೋಕದ ಮೆಟಲ್ ಭಕ್ತರೆಲ್ಲ ಅಲ್ಲಿ ಸೇರುತ್ತಾರೆ, ನಮ್ಮ ನಾಯಕನಹಟ್ಟಿ ಜಾತ್ರೆಯ ಹಾಗೆ. 2024ರಲ್ಲೂ ಈ ತಂಡದ ಹೊಸ ಆಲ್ಬಂ ಬಂತು. ಜರ್ಮನಿಯದೇ ‘ರಾಮ್‌ಸ್ಟೈನ್’ 1994ರಲ್ಲಿ ಹುಟ್ಟಿದಾಗ ಇದ್ದ ಆರು ಜನರನ್ನೇ ದಶಕಗಟ್ಟಲೆ ಉಳಿಸಿಕೊಂಡಿತಂತೆ. ಅದು ಎಲ್ಲೋ ಒಂದು ಮನೆಯ ಭಾಗ್ಯ. ಉಳಿದ ಮನೆಗಳು ಹೋಗುವವರನ್ನು ಕಳಿಸಿ, ಬರುವವರಿಗೆ ಮಣೆ ಹಾಕಿಯೇ ನಡೆಯಬೇಕು.

ಹೊಸದುರ್ಗ, ಹೊಳಲ್ಕೆರೆ ಎಂದು ವರ್ಗವಾದಲ್ಲೆಲ್ಲ ಪಾಠ ಹೇಳಿದವಳು ನಾನು. ನಾನು ಬಿಟ್ಟು ಬಂದ ಶಾಲೆಗಳಲ್ಲಿ ಮಾರನೆಯ ದಿನವೂ ಗಂಟೆ ಹೊಡೆದಿದೆ. ಹೋದವರದು ತಪ್ಪಲ್ಲ. ಸಾಲ ತೀರಿಸಿದ ಮಗನದಂತೂ ಅಲ್ಲವೇ ಅಲ್ಲ. ಆದರೆ ಡ್ರಮ್ಮು ಅನ್ನ ಹಾಕುತ್ತದೇನೋ ಎಂದು ಕೇಳಿದವಳು, ಅನ್ನ ಸಿಕ್ಕ ಮೇಲೆ ಮತ್ತೆ ಬಾರಿಸು ಎಂದು ಹೇಳಲು ಮರೆತಿದ್ದೆ.

ಈ ಯುಗಾದಿಗೆ ಬಂದ ಮಗ ಹೊರಡುವಾಗ, ಹೋಳಿಗೆ ಡಬ್ಬಿಯ ಪಕ್ಕ ಆ ಕೋಲುಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟೆ. ರಾತ್ರಿ ಫೋನ್ ಬಂತು. “ಅಮ್ಮಾ, ಬ್ಯಾಗಲ್ಲಿ...” ಎಂದವನು ಸುಮ್ಮನಾದ. “ಹೂಂ, ಧೂಳು ಒರೆಸಿದ್ದೀನಿ” ಎಂದೆ. ಆಮೇಲೆ ಆ ಕಡೆಯಿಂದ ಮೇಜಿನ ಮೇಲೆ ಟಕಟಕ ಸದ್ದು ಕೇಳಿಸಿತು. ಮೊದಲು ತಡವರಿಸಿತು, ನಿಧಾನಕ್ಕೆ ತಾಳಕ್ಕೆ ಬಂತು.