ಪರದೇಶದಲ್ಲಿರುವ ನಮ್ಮವರಿಗೆ ಸಾಮಾನು ತಲುಪುವ ದಾರಿಗಳು: ಅಂಚೆ, ಕೊರಿಯರ್, ಕಾರ್ಗೊ - ಒಂದು ಹೋಲಿಕೆ

ದುಬೈ, ಕುವೈತ್, ಲಂಡನ್, ಮೆಲ್ಬರ್ನ್ ಎಂದು ನಮ್ಮ ಕರಾವಳಿಯ ಅನೇಕ ಮನೆಗಳ ಮಕ್ಕಳು ದುಡಿಮೆಗಾಗಿ ಹೋಗಿ ನೆಲೆಸಿದ್ದಾರೆ. ಅವರಿಗೆ ಊರಿನಿಂದ ಬಟ್ಟೆಬರೆ, ಪುಸ್ತಕ, ಬಾಫಾತ್ ಪುಡಿ, ಕ್ರಿಸ್ಮಸ್ ಸಮಯದಲ್ಲಿ ಕುಸ್ವಾರ್ ಬೇಕು. ಅಲ್ಲಿ ಸಿಗದ ವಸ್ತುವನ್ನು ಇನ್ನೊಂದು ದೇಶದ ಅಂಗಡಿಯಿಂದ ತರಿಸಿಕೊಳ್ಳುವವರೂ ಇದ್ದಾರೆ. ಯಾವುದರಲ್ಲಿ ಕಳುಹಿಸಿದರೆ ಅಗ್ಗ ಎಂಬುದು ಎಲ್ಲರ ಪ್ರಶ್ನೆ. ಸಾಗಾಟದ ದರವೊಂದನ್ನೇ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಸಾಗಾಟ, ಸುಂಕ, ತೆರಿಗೆ, ಸೇವಾ ಶುಲ್ಕ ಎಲ್ಲ ಸೇರಿ ಮನೆ ಬಾಗಿಲಿಗೆ ಬರುವಾಗ ಎಷ್ಟಾಗುತ್ತದೆಯೋ ಅದೇ ನಿಜವಾದ ಬೆಲೆ. ಅದಕ್ಕೂ ಮೊದಲು, ಆ ವಸ್ತುವಿಗೆ ಆ ದೇಶದೊಳಗೆ ಪ್ರವೇಶವಿದೆಯೇ ಎಂದು ನೋಡಬೇಕು. ಈ ಎರಡು ವಿಚಾರಗಳನ್ನು ಮುಂದಿಟ್ಟುಕೊಂಡು ನಾಲ್ಕು ದಾರಿಗಳನ್ನು ನಾವು ಇಲ್ಲಿ ಹೋಲಿಸಿದ್ದೇವೆ.

1. ಅಂಚೆ

ಹಗುರವಾದ, ಅವಸರವಿಲ್ಲದ ವಸ್ತುಗಳಿಗೆ ಅಂಚೆ ಒಳ್ಳೆಯದು. ಸಾಮಾನಿಗೆ ಪಾರ್ಸೆಲ್, ಬೇಗ ಬೇಕಾದರೆ ಇ.ಎಂ.ಎಸ್. ಸ್ಪೀಡ್ ಪೋಸ್ಟ್ ಇದೆ. ಒಳಗೇನಿದೆ, ಬೆಲೆ ಎಷ್ಟು ಎಂದು ಸಿಎನ್ 22 ಅಥವಾ ಸಿಎನ್ 23 ನಮೂನೆಯಲ್ಲಿ ಬರೆಯಬೇಕು. "ಮನೆ ಸಾಮಾನು" ಎಂದಷ್ಟೇ ಬರೆದರೆ ಕಸ್ಟಮ್ಸ್‌ನಲ್ಲಿ ತಡೆ ಬರಬಹುದು. "ಹತ್ತಿಯ ಸೀರೆ 2, ಪುಸ್ತಕ 3" ಎಂದು ಬಿಡಿಸಿ ಬರೆದರೆ ಕೆಲಸ ಸುಲಭ. ಕಳೆದುಹೋದರೆ ಸಿಗುವ ಪರಿಹಾರ ಸೀಮಿತವಾದುದರಿಂದ ದುಬಾರಿ ವಸ್ತುಗಳಿಗೆ ಅಂಚೆ ತಕ್ಕದ್ದಲ್ಲ.

2. ಕೊರಿಯರ್

ಡಿಎಚ್ಎಲ್, ಫೆಡೆಕ್ಸ್, ಅರಾಮೆಕ್ಸ್ ಮುಂತಾದ ಕೊರಿಯರ್‌ಗಳು ಕೆಲವೇ ದಿನಗಳಲ್ಲಿ ಮನೆಗೆ ತಲುಪಿಸುತ್ತವೆ. ಪಾರ್ಸೆಲ್ ಎಲ್ಲಿದೆ ಎಂದು ಪ್ರತಿ ಹಂತದಲ್ಲೂ ತಿಳಿಯುತ್ತದೆ. ಆದರೆ ಇಲ್ಲಿ ಗಾತ್ರದ ತೂಕ ಎಂಬ ಲೆಕ್ಕವಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ನಿಜವಾದ ತೂಕ ಮತ್ತು ಈ ತೂಕ, ಇವುಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ.

ಉದಾಹರಣೆಗೆ, 50 x 40 x 40 ಸೆ.ಮೀ. ಪೆಟ್ಟಿಗೆಯಲ್ಲಿ 6 ಕಿಲೋ ಚಕ್ಕುಲಿ, ನೆವ್ರಿ ತುಂಬಿಸಿದರೆ ಲೆಕ್ಕಕ್ಕೆ ಬರುವುದು 16 ಕಿಲೋ. ಅದನ್ನೇ ಒತ್ತೊತ್ತಾಗಿ 40 x 30 x 25 ಸೆ.ಮೀ. ಪೆಟ್ಟಿಗೆಯಲ್ಲಿ ಕೂಡಿಸಿದರೆ ಗಾತ್ರದ ತೂಕ 6 ಕಿಲೋಗೆ ಇಳಿಯುತ್ತದೆ. ಪೆಟ್ಟಿಗೆಯ ಆಯ್ಕೆಯಲ್ಲೇ ಅರ್ಧಕ್ಕಿಂತ ಹೆಚ್ಚು ಉಳಿತಾಯವಾಯಿತು.

ಸುಂಕವನ್ನು ಯಾರು ಕಟ್ಟುತ್ತಾರೆ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಕಳುಹಿಸುವವರೇ ಕಟ್ಟುವ ಕ್ರಮಕ್ಕೆ ಡಿಡಿಪಿ ಎನ್ನುತ್ತಾರೆ. ಹಾಗಲ್ಲದಿದ್ದರೆ ಕೊರಿಯರಿನವರು ಸುಂಕವನ್ನು ಮುಂಗಡವಾಗಿ ಕಟ್ಟಿ, ಅದರ ಮೇಲೆ ತಮ್ಮ ಶುಲ್ಕವನ್ನೂ ಸೇರಿಸಿ, ಪಡೆಯುವವರಿಂದ ವಸೂಲು ಮಾಡುತ್ತಾರೆ.

ಹೊರದೇಶಕ್ಕೆ ಕಳುಹಿಸದ ಅಂಗಡಿಗಳಿಂದ ಕೊಳ್ಳಲು ವಿಳಾಸ ಸೇವೆಗಳಿವೆ. ಅರಾಮೆಕ್ಸ್‌ನ ಶಾಪ್ ಅಂಡ್ ಶಿಪ್ ಇಂಥದ್ದು. ಅಂಗಡಿಯಿರುವ ದೇಶದಲ್ಲಿ ಅವರು ಕೊಟ್ಟ ವಿಳಾಸಕ್ಕೆ ವಸ್ತು ಹೋಗಿ, ಅಲ್ಲಿಂದ ನಿಮಗೆ ಬರುತ್ತದೆ. ವಸ್ತು ಸರಿಯಿಲ್ಲದಿದ್ದರೆ ಹಿಂದಿರುಗಿಸುವ ಖರ್ಚು ಮಾತ್ರ ಹೆಚ್ಚು ಎಂಬುದು ನೆನಪಿರಲಿ.

3. ಕಾರ್ಗೊ

ಭಾರ ಹೆಚ್ಚಾದಾಗ ಕಾರ್ಗೊ ಲಾಭ. ವಿಮಾನ ಕಾರ್ಗೊದಲ್ಲಿ ಗಾತ್ರವನ್ನು ಸಾಮಾನ್ಯವಾಗಿ 6000ದಿಂದ ಭಾಗಿಸುವುದರಿಂದ ಕೊರಿಯರಿಗಿಂತ ಲೆಕ್ಕ ಸ್ವಲ್ಪ ಸಡಿಲ. ಹಡಗಿನಲ್ಲಿ ಬೇರೆಯವರ ಸಾಮಾನಿನೊಂದಿಗೆ ಕಂಟೇನರ್ ಹಂಚಿಕೊಂಡು ಕಳುಹಿಸಿದರೆ ಘನ ಮೀಟರ್ ಲೆಕ್ಕದಲ್ಲಿ ದರ. ಪೀಠೋಪಕರಣ, ಪಾತ್ರೆಪಗಡಿ, ಪುಸ್ತಕದ ಕಟ್ಟುಗಳಿಗೆ ಇದೇ ಅಗ್ಗ, ಆದರೆ ವಾರಗಳ ಕಾಲ ಕಾಯಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದಾಗ ಯುರೋಪಿಗೆ ಹೋಗುವ ಅನೇಕ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಸಾಗಿದವು. ಹಬ್ಬಕ್ಕೆ ಬೇಕಾದುದನ್ನು ಹಡಗಿಗೆ ನಂಬಿ ಕೂರಬಾರದು ಎಂಬುದಕ್ಕೆ ಇದು ಪಾಠ. ಬಂದರಿನ ಶುಲ್ಕ, ಮನೆಗೆ ತಲುಪಿಸುವ ಖರ್ಚು ದರದಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ.

ವಿಮೆ ಮಾಡಿಸುವುದನ್ನು ಮರೆಯಬೇಡಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ವಿಮಾನ ಸರಕು ನಷ್ಟವಾದರೆ ವಿಮಾನ ಸಂಸ್ಥೆಯ ಹೊಣೆ ಕಿಲೋಗೆ 26 ಎಸ್‌ಡಿಆರ್ ಮಾತ್ರ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. 2024ರ ಡಿಸೆಂಬರ್ 28ರಿಂದ ಈ ಮಿತಿ ಜಾರಿಯಲ್ಲಿದೆ. ಕಳುಹಿಸುವಾಗ ಬೆಲೆಯನ್ನು ವಿಶೇಷವಾಗಿ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ, ಎಷ್ಟೇ ಬೆಲೆಬಾಳುವ ವಸ್ತುವಿಗೂ ಲೆಕ್ಕ ತೂಕದ್ದೇ.

4. ಊರಿಗೆ ಬಂದವರ ಕೈಯಲ್ಲಿ

ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಒಂದು ಕಟ್ಟು ಕಳುಹಿಸುವುದು ನಮ್ಮಲ್ಲಿ ಹಳೆಯ ರೂಢಿ. ಖರ್ಚಿಲ್ಲ, ಬೇಗ ತಲುಪುತ್ತದೆ. ಆದರೆ ಬ್ಯಾಗಿನಲ್ಲಿರುವ ಪ್ರತಿಯೊಂದು ವಸ್ತುವಿಗೂ ಪ್ರಯಾಣಿಕರೇ ಉತ್ತರ ಹೇಳಬೇಕು. ಆದ್ದರಿಂದ ಕಟ್ಟನ್ನು ಮುಚ್ಚದೆ ಕೊಡಿ, ಅವರ ಎದುರೇ ತೆರೆದು ತೋರಿಸಿ. ಒಯ್ಯುವವರು ಬೇರೊಬ್ಬರು ಮುಚ್ಚಿ ಕೊಟ್ಟ ಕಟ್ಟನ್ನು ಎಷ್ಟೇ ಪರಿಚಯವಿದ್ದರೂ ತೆಗೆದುಕೊಳ್ಳದಿರಲಿ.

ಸುಂಕದ ಲೆಕ್ಕ

ಯು.ಎ.ಇ.ಯಲ್ಲಿ ಸುಂಕ ವಿನಾಯಿತಿಯ ಮಿತಿ 2023ರಲ್ಲಿ 1000 ದಿರ್ಹಮ್‌ನಿಂದ 300ಕ್ಕೆ ಇಳಿಯಿತು. ಸಾಗಾಟವೂ ಸೇರಿ 400 ದಿರ್ಹಮ್ ಬೆಲೆಯ ಸಾಮಾನ್ಯ ವಸ್ತುವಿಗೆ ಶೇ. 5 ಸುಂಕ 20, ಅದನ್ನೂ ಕೂಡಿಸಿ ಶೇ. 5 ವ್ಯಾಟ್ 21, ಒಟ್ಟು 41 ದಿರ್ಹಮ್. ಸೌದಿ ಅರೇಬಿಯಾದಲ್ಲಿ ವ್ಯಾಟ್ 2020ರಿಂದ ಶೇ. 15, ಬಹರೈನ್‌ನಲ್ಲಿ 2022ರಿಂದ ಶೇ. 10.

ಬ್ರಿಟನ್ನಿನಲ್ಲಿ 2021ರ ಜನವರಿಯಿಂದ 135 ಪೌಂಡ್ ತನಕದ ಖರೀದಿಗೆ ಮಾರುವವರೇ ವ್ಯಾಟ್ ಪಡೆಯುತ್ತಾರೆ. ಮನೆಯವರು ಕಳುಹಿಸುವ ಉಡುಗೊರೆಗೆ 39 ಪೌಂಡ್ ತನಕ ವ್ಯಾಟ್ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ 22 ಯೂರೋ ವ್ಯಾಟ್ ವಿನಾಯಿತಿ 2021ರ ಜುಲೈಯಲ್ಲಿ ರದ್ದಾಯಿತು. ಆಸ್ಟ್ರೇಲಿಯಾದಲ್ಲಿ 2018ರ ಜುಲೈಯಿಂದ 1000 ಡಾಲರ್ ಒಳಗಿನ ಖರೀದಿಗೂ ಶೇ. 10 ಜಿಎಸ್‌ಟಿ ಬಂದಿದೆ.

ಅಮೆರಿಕ 800 ಡಾಲರ್ ತನಕ ಕೊಡುತ್ತಿದ್ದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಆ ಗೊಂದಲದಲ್ಲಿ ಭಾರತೀಯ ಅಂಚೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಪಾರ್ಸೆಲ್ ಸ್ವೀಕಾರ ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಆರಂಭಿಸಿತು. ದರಗಳು ಬದಲಾಗುತ್ತಲೇ ಇರುವುದರಿಂದ ಕಳುಹಿಸುವ ವಾರದಲ್ಲೇ ಆಯಾ ದೇಶದ ಕಸ್ಟಮ್ಸ್ ಪುಟ ನೋಡುವುದು ಸೂಕ್ತ.

ಅಂಗಡಿಯಿಂದ ಕೊಂಡ ವಸ್ತುವಿಗೆ "ಉಡುಗೊರೆ" ಎಂದು ಬರೆಸುವುದು, ಬೆಲೆ ಕಡಿಮೆ ತೋರಿಸುವುದು ಸುಳ್ಳು ಘೋಷಣೆ. ದಂಡ ಬೀಳಬಹುದು. ವಿಮೆಯ ಹಣವೂ ಆ ಕಡಿಮೆ ಬೆಲೆಗಷ್ಟೇ ಸಿಗುತ್ತದೆ.

ಕಳುಹಿಸಲೇ ಬಾರದವು

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಇಲ್ಲಿ ಬೇಕು. ನಮ್ಮ ಅಡುಗೆಮನೆಯ ಗಸಗಸೆ ಯು.ಎ.ಇ., ಸೌದಿ ಅರೇಬಿಯಾ ಮತ್ತು ಸಿಂಗಾಪುರದಲ್ಲಿ ನಿಷಿದ್ಧ, ಮಾದಕ ವಸ್ತುವಿನ ಕಾನೂನಿನಡಿ ಜೈಲು ಸೇರುವ ಅಪಾಯವಿದೆ. ಮಸಾಲೆ ಪುಡಿಯಲ್ಲಿ ಗಸಗಸೆ ಸೇರಿಸಿದ್ದರೆ ಅದನ್ನೂ ಕಳುಹಿಸಬೇಡಿ. ಟ್ರಮಡಾಲ್, ಕೊಡೀನ್ ಇರುವ ನೋವು ಮತ್ತು ಕೆಮ್ಮಿನ ಔಷಧಿಗಳು ಕೊಲ್ಲಿಯಲ್ಲಿ ನಿಯಂತ್ರಿತ. ರೋಗಿಯೇ ವೈದ್ಯರ ಚೀಟಿ, ಮೂಲ ಪ್ಯಾಕ್ ಮತ್ತು ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯೊಂದಿಗೆ ಒಯ್ಯಬೇಕು. ಇನ್ನೊಬ್ಬರ ಕೈಯಲ್ಲಿ ಕೊಡಲೇ ಬಾರದು. ಕುವೈತ್ ಮತ್ತು ಸೌದಿಗೆ ಹಂದಿಮಾಂಸದ ಉಪ್ಪಿನಕಾಯಿ, ಮನೆಯ ದ್ರಾಕ್ಷಾರಸ ಬೇಡ. ಬ್ರಿಟನ್ನಿಗೆ ಭಾರತದಿಂದ ಮಾಂಸ ಹಾಗೂ ಹಾಲಿನ ಪದಾರ್ಥ ಕಳುಹಿಸುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಬೀಜ, ಮಾಂಸ, ಹಾಲು, ಮರದ ವಸ್ತುಗಳ ಮೇಲೆ ಕಟ್ಟುನಿಟ್ಟಿನ ತಪಾಸಣೆಯಿದೆ. ಪವರ್ ಬ್ಯಾಂಕನ್ನು ವಿಮಾನದ ಅಂಚೆಯಲ್ಲಿ ತೆಗೆದುಕೊಳ್ಳುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ

ಹಗುರ, ಅವಸರವಿಲ್ಲದ್ದಕ್ಕೆ ಅಂಚೆ. ದಾಖಲೆಪತ್ರ, ಬೆಲೆಬಾಳುವ ಚಿಕ್ಕ ವಸ್ತುವಿಗೆ ವಿಮೆಯೊಂದಿಗೆ ಕೊರಿಯರ್. ಇಪ್ಪತ್ತು ಮೂವತ್ತು ಕಿಲೋ ದಾಟಿದರೆ ವಿಮಾನ ಕಾರ್ಗೊ. ಮನೆ ಸಾಮಾನಿಗೆ ಹಡಗು. ಯಾವ ದಾರಿ ಹಿಡಿದರೂ ರಸೀದಿ, ಪೆಟ್ಟಿಗೆಯೊಳಗಿನ ವಸ್ತುಗಳ ಪಟ್ಟಿ ಮತ್ತು ಮುಚ್ಚುವ ಮುನ್ನ ತೆಗೆದ ಫೋಟೊ ನಿಮ್ಮಲ್ಲಿರಲಿ. ಕಳುಹಿಸುವ ಮನೆಯವರೂ ಪಡೆಯುವವರೂ ಮೊದಲೇ ಮಾತಾಡಿಕೊಂಡರೆ ಅನಾವಶ್ಯಕ ಖರ್ಚು ತಪ್ಪುತ್ತದೆ, ದೂರದ ದೇಶದಲ್ಲಿ ದುಡಿಯುವವರಿಗೆ ಕಾನೂನಿನ ತೊಂದರೆಯೂ ಬಾರದು.