ಬಾಗಿಲು ತೆರೆದ ಕೈ

ಮಗಳಿಗೆ ಐದು ತುಂಬಿದ ವರ್ಷ, ಒಂದು ರಾತ್ರಿ ಪುಣ್ಯಕೋಟಿಯ ಕತೆ ಹೇಳುತ್ತಿದ್ದೆ. ಕರುವಿಗೆ ಹಾಲೂಡಿಸಿ ಹಸು ಹೊರಡುವ ಹೊತ್ತಿಗೆ ಅವಳು ಎದ್ದು ಕೂತಳು. "ಅಮ್ಮಾ, ಹುಲಿ ಹತ್ರ ಹೋಗೋದು ಬೇಡ. ಇಲ್ಲೇ ಇರ್ಲಿ." ನನಗೆ ಮಾತೇ ಹೊರಡಲಿಲ್ಲ. ಹಸು ಉಳಿದುಬಿಟ್ಟರೆ ಆ ಕತೆಯೇ ಇಲ್ಲ. ಹೋಗಲೇಬೇಕು ಎಂದರೆ ಮಗುವಿನ ಮಾತಿಗೆ ಬೆಲೆಯಿಲ್ಲ.

ಅಮೆರಿಕದ ವಕೀಲ ಎಡ್ವರ್ಡ್ ಪ್ಯಾಕರ್ಡ್ ಅವರಿಗೂ ಮಲಗುವ ಹೊತ್ತಲ್ಲೇ ಇಂಥ ಪ್ರಸಂಗ ಬಂತು. ಕತೆ ಮುಂದೆ ಓಡದೆ, ಈಗ ಕತೆಯ ನಾಯಕ ಏನು ಮಾಡಬೇಕು ಎಂದು ಹೆಣ್ಣುಮಕ್ಕಳನ್ನೇ ಕೇಳಿದರು. ಒಬ್ಬಳು ಒಂದು ಹೇಳಿದಳು, ಇನ್ನೊಬ್ಬಳು ಇನ್ನೊಂದು. ಎರಡೂ ದಾರಿ ಇರುವ ಪುಸ್ತಕವನ್ನು ಅವರು 1969ರಲ್ಲಿ ಬರೆದರು. ಅದು ಅಚ್ಚಾಗಲು 1976 ಬರಬೇಕಾಯಿತು. 1979ರ ಅವರ 'ದಿ ಕೇವ್ ಆಫ್ ಟೈಮ್' ಪುಸ್ತಕಕ್ಕೆ 40 ಕೊನೆಗಳು. ಪ್ರತಿ ಕವಲಿಗೂ ಎರಡು ದಾರಿ ಕೊಟ್ಟರೆ ಹತ್ತನೇ ಕವಲಿಗೆ 1,024 ಕೊನೆಗಳಾಗುತ್ತವೆ. ಅಷ್ಟನ್ನು ಯಾರು ಬರೆದಾರು? ಹಾಗಾಗಿ ಕೆಲವು ದಾರಿಗಳನ್ನು ಅಲ್ಲೇ ಮುಗಿಸಬೇಕು, ಕೆಲವನ್ನು ಸುತ್ತಿಸಿ ತಂದು ಮತ್ತೆ ಕೂಡಿಸಬೇಕು.

ಅದೇ ಕಾಲದ ಇನ್ನೊಬ್ಬ ತಂದೆ ವಿಲ್ ಕ್ರೌದರ್. ಇವರು ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್ ಜಾಲವನ್ನು ಕಟ್ಟಿದ ಪ್ರೋಗ್ರಾಮರ್‌ಗಳಲ್ಲಿ ಒಬ್ಬರು. ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ, ಅಳೆದು, ನಕ್ಷೆ ಮಾಡಿದವರು. ಮದುವೆ ಮುರಿದಾಗ ಹೆಣ್ಣುಮಕ್ಕಳು ದೂರವಾದರು ಅನ್ನಿಸಿ, 1975–76ರ ಸುಮಾರಿಗೆ ಅವರಿಗಾಗಿ ಆ ಗುಹೆಯನ್ನೇ ಆಟ ಮಾಡಿದರು. ಚಿತ್ರವಿಲ್ಲ, ಬರೀ ಮಾತು. ಕಂಪ್ಯೂಟರ್ ಜಾಗವನ್ನು ಬಣ್ಣಿಸುತ್ತದೆ, ನೀವು ಒಂದೆರಡೇ ಪದದಲ್ಲಿ ಏನು ಮಾಡಬೇಕೆಂದು ಟೈಪ್ ಮಾಡಬೇಕು. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಬೆಳೆಸಿದರು. 'ಅಡ್ವೆಂಚರ್' ಎಂದು ಹೆಸರಾದದ್ದು ಇದೇ.

ಅದರಲ್ಲೊಂದು ಹಕ್ಕಿಯಿದೆ. ಹಿಡಿಯಲು ಪಂಜರವಿದ್ದರೂ ಸಿಗುವುದಿಲ್ಲ. ಕೈಯಲ್ಲಿ ಹಿಡಿದ ಕೋಲನ್ನು ಕಂಡರೆ ಅದಕ್ಕೆ ಭಯ. ಕೋಲು ಕೆಳಗಿಟ್ಟರೆ ಹಕ್ಕಿ ಸಿಗುತ್ತದೆ, ಮುಂದೆ ದಾರಿಗೆ ಅಡ್ಡ ಕೂತ ಹಾವನ್ನು ಓಡಿಸುತ್ತದೆ. ಎಷ್ಟು ಚೆಂದದ ಕಲ್ಪನೆ! ಆದರೆ ಹಾವಿನ ಮುಂದೆ ನಿಂತವರು ನೂರು ಉಪಾಯ ಟೈಪ್ ಮಾಡಿದರೂ, ಬರೆದವರು ಮೊದಲೇ ಯೋಚಿಸಿಟ್ಟ ಒಂದಕ್ಕೆ ಮಾತ್ರ ಹಾವು ಜರುಗುತ್ತದೆ. ಸ್ವಾತಂತ್ರ್ಯದ ಹೆಸರಿನಲ್ಲಿ ನಾವು ಮಾಡುತ್ತಿದ್ದುದು ಇನ್ನೊಬ್ಬರ ಮನಸ್ಸನ್ನು ಊಹಿಸುವ ಕೆಲಸ.

'ಜೋರ್ಕ್' ಎಂಬ ಇಂಥದೇ ಆಟ ಬರೆದ ಎಂಐಟಿಯ ಹುಡುಗರೂ ಅವರ ಸಂಗಡಿಗರೂ 1979ರಲ್ಲಿ ಇನ್ಫೋಕಾಮ್ ಕಂಪನಿ ಕಟ್ಟಿದರು. ಇವರ ಆಟಗಳಿಗೆ ಪೂರ್ತಿ ವಾಕ್ಯ ಅರ್ಥವಾಗುತ್ತಿತ್ತು. 1982ರ 'ಡೆಡ್‌ಲೈನ್' ಪತ್ತೇದಾರಿ ಆಟದಲ್ಲಿ ಮನೆಯವರು ತಮ್ಮ ತಮ್ಮ ಹೊತ್ತಿಗೆ ಓಡಾಡುತ್ತಾರೆ. ನೀವು ಅಡುಗೆಮನೆಯಲ್ಲಿದ್ದರೆ ಮಹಡಿಯ ಮಾತು ತಪ್ಪಿಹೋಯಿತು. ಮರುವರ್ಷದ 'ಇನ್ಫಿಡೆಲ್'ನಲ್ಲಿ ಪಿರಮಿಡ್ಡಿನ ಒಗಟುಗಳನ್ನೆಲ್ಲ ಬಿಡಿಸಿ ಕೊನೆಯ ಪೆಟ್ಟಿಗೆ ತೆರೆದವನಿಗೆ ಸಿಗುವುದು ಸಾವು. ದುರಾಸೆಯವನ ಪಾತ್ರಕ್ಕೆ ಅದು ತಕ್ಕ ಕೊನೆಯೇ. ಆದರೂ ಅಷ್ಟು ಶ್ರಮಪಟ್ಟ ಆಟಗಾರರಿಗೆ ಅದು ಸಹ್ಯವಾಗಲಿಲ್ಲ.

ಅದೇ 1983ರಲ್ಲಿ ಸ್ಟೀವ್ ಮೆರೆಟ್ಸ್ಕಿ ಬರೆದ 'ಪ್ಲಾನೆಟ್‌ಫಾಲ್' ಬಂತು. ನನಗೆ ಅದು ಸಿಕ್ಕಿದ್ದು ಹತ್ತು ವರ್ಷ ತಡವಾಗಿ, ಹಾಸ್ಟೆಲಿನ ಗೆಳತಿಯ ಅಣ್ಣ ತಂದ ಫ್ಲಾಪಿಯಲ್ಲಿ. ನಿರ್ಜನ ಗ್ರಹದಲ್ಲಿ ನಿಮಗೆ ಜೊತೆ ಫ್ಲಾಯ್ಡ್ ಎಂಬ ಮಗುವಿನಂಥ ರೋಬಾಟ್. ಸುಮ್ಮನೆ ಹಿಂದೆ ಹಿಂದೆ ಬರುತ್ತಾನೆ, ಆಡೋಣ ಅನ್ನುತ್ತಾನೆ. ಮುಂದೊಂದು ಕಡೆ, ಘೋರ ಪ್ರಾಣಿಗಳಿರುವ ಪ್ರಯೋಗಶಾಲೆಯಿಂದ ಒಂದು ಕಾರ್ಡ್ ತರಬೇಕು. ನಾನು ಹೋಗುತ್ತೇನೆ ಎಂದು ಅವನೇ ಮುಂದಾಗುತ್ತಾನೆ. ಬಾಗಿಲು ತೆರೆ ಎಂದು ಟೈಪ್ ಮಾಡಬೇಕಾದವರು ನೀವು. ಅವನು ಒಳಗೆ ನುಗ್ಗಿದ ಮೇಲೆ ಬಾಗಿಲು ಹಾಕಬೇಕಾದವರೂ ನೀವೇ, ಇಲ್ಲದಿದ್ದರೆ ಆ ಪ್ರಾಣಿಗಳು ಹೊರಬರುತ್ತವೆ. ಒಳಗಿನ ಸದ್ದು ಕೇಳುತ್ತ ಕಾಯಬೇಕು. ಅವನು ಬಾಗಿಲು ಬಡಿದಾಗ ಮತ್ತೆ ತೆರೆಯಬೇಕು. ಕಾರ್ಡ್ ಹಿಡಿದು ಹೊರಬಂದ ಫ್ಲಾಯ್ಡ್ ನಿಮ್ಮೆದುರೇ ಸಾಯುತ್ತಾನೆ.

ನಾನು ಎರಡು ಸಲ ಹಿಂದಕ್ಕೆ ಹೋಗಿ ಬೇರೆ ದಾರಿ ಹುಡುಕಿದೆ. ಇರಲಿಲ್ಲ. ಆಟವನ್ನು ಪೂರ್ತಿ ಗೆದ್ದವರಿಗೆ ಫ್ಲಾಯ್ಡ್ ರಿಪೇರಿಯಾಗಿ ಮರಳಿ ಸಿಗುತ್ತಾನೆ, ನಿಜ. ಆ ಬಾಗಿಲ ಮುಂದೆ ಕೂತ ರಾತ್ರಿ ಅದು ನನಗೆ ಗೊತ್ತಿರಲಿಲ್ಲ. ಕಾದಂಬರಿ ಓದಿ ಅತ್ತಿದ್ದೆ. ಆದರೆ ಯಾವ ಕಾದಂಬರಿಯ ಸಾವಿನಲ್ಲೂ ನನ್ನ ಬೆರಳಿನ ಪಾಲಿರಲಿಲ್ಲ. ಮೆರೆಟ್ಸ್ಕಿ ದಾರಿಯನ್ನು ಒಂದಿಷ್ಟೂ ಬಿಟ್ಟುಕೊಡಲಿಲ್ಲ, ಬಾಗಿಲನ್ನು ಮಾತ್ರ ನನ್ನ ಕೈಗೆ ಕೊಟ್ಟರು. 40 ಕೊನೆಗಳಿಗಿಂತ ಈ ಒಂದು ಬಾಗಿಲು ದೊಡ್ಡದು ಎಂದು ನಾನು ಇವತ್ತಿಗೂ ನಂಬಿದ್ದೇನೆ. 1998ರಲ್ಲಿ ಆಡಮ್ ಕ್ಯಾಡ್ರೆ ಬರೆದ 'ಫೋಟೋಪಿಯಾ'ದಲ್ಲೂ ಒಬ್ಬ ಹುಡುಗಿಯ ಸಾವನ್ನು ಆಟಗಾರ ತಪ್ಪಿಸಲಾರ. ಇಂಥ ಆಟಗಳ ಆ ವರ್ಷದ ಸ್ಪರ್ಧೆಯಲ್ಲಿ ಗೆದ್ದದ್ದು ಅದೇ.

ಇನ್ಫೋಕಾಮ್ 1986ರಲ್ಲಿ ಆಕ್ಟಿವಿಷನ್ ಪಾಲಾಯಿತು, 1989ರಲ್ಲಿ ಅದರ ಕೇಂಬ್ರಿಡ್ಜ್ ಕಚೇರಿ ಮುಚ್ಚಿತು. ಚಿತ್ರಗಳ ಆಟ ಬಂದ ಮೇಲೆ ಬರೀ ಅಕ್ಷರವನ್ನು ಕೊಳ್ಳುವವರು ಕಡಿಮೆಯಾದರು.

ಪುಣ್ಯಕೋಟಿಯ ಆ ರಾತ್ರಿ ನಾನು ಮಗಳಿಗೆ ಹೇಳಿದೆ: "ಹಸು ಹೋಗಲೇಬೇಕು ಪುಟ್ಟಿ, ಮಾತು ಕೊಟ್ಟಿದೆ. ಹೋಗೋ ಮುಂಚೆ ಕರುಗೆ ಏನು ಹೇಳ್ಬೇಕು, ನೀನೇ ಹೇಳು." ಅವಳು ಬಹಳ ಹೊತ್ತು ಯೋಚಿಸಿದಳು. ಆಮೇಲೆ, "ಬೇಲಿ ಹತ್ರ ಒಬ್ಬಳೇ ಹೋಗ್ಬೇಡ, ದೊಡ್ಡಮ್ಮನ ಪಕ್ಕ ಮಲ್ಕೋ" ಅಂದಳು. ಹಸು ಅದನ್ನೇ ಹೇಳಿ ಹೊರಟಿತು.

ಇಂಥ ಬಾಗಿಲನ್ನು ಓದುಗರ ಕೈಗೆ ಕೊಡಲು ಇವತ್ತು ಕಂಪನಿ ಬೇಕಿಲ್ಲ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಹೊರತಂದ ಟ್ವೈನ್ ಎಂಬ ಸಾಧನ ಉಚಿತವಾಗಿ ಸಿಗುತ್ತದೆ. ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ, ಪ್ರೋಗ್ರಾಮಿಂಗ್ ಬಾರದವರೂ ಅದರಲ್ಲಿ ಕವಲು ಕತೆ ಕಟ್ಟಬಹುದು, ಕನ್ನಡದಲ್ಲೇ ಬರೆಯಬಹುದು. ನಮ್ಮ ಕತೆಗಾರರು ಒಂದು ವಾರ ಅದರ ಮುಂದೆ ಕೂತು ನೋಡಲಿ ಎಂದು ಕೇಳಿಕೊಳ್ಳುತ್ತೇನೆ.